ಮರೆಯಾದ ತಾರೀಖು: ಪುಟ ಕಟ್ಟುವ ಫಂಕ್ಷನ್ನುಗಳ ಸಮಾಚಾರ

ಯಾವುದಾದರೊಂದು ಪ್ರೌಢಶಾಲೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ಅಲ್ಲಿಯ ಕಚೇರಿಯ ಹೊರಗೋಡೆಯ ಮೇಲೆ ಸೂಚನಾ ಫಲಕವಿರುವಂತೆಯೇ ಅಂತರಜಾಲದಲ್ಲಿಯೂ ಆ ಶಾಲೆಗೆ ಸೇರಿದ ತಾಣವೊಂದುಂಟು. ಶಾಲೆಯ ಪ್ರಕಟಣೆಗಳೆಲ್ಲ ಅದರಲ್ಲಿ ಒಂದರ ಕೆಳಗೊಂದರಂತೆ, ಹೊಸದು ಮೇಲೆ ಬರುವ ಹಾಗೆ, ಕಾಣಿಸಿಕೊಳ್ಳುತ್ತವೆ. ಒಂದು ದಿನ ಗುಮಾಸ್ತರು ಮೂರು ಪ್ರಕಟಣೆಗಳನ್ನು ಹೊರಡಿಸಿದರೆನ್ನಿ. ವಿದ್ಯಾರ್ಥಿವೇತನದ ಅರ್ಜಿಗಳನ್ನು ಪ್ರಕಟಣೆಯ ದಿನದಿಂದ ಏಳು ದಿನಗಳೊಳಗೆ ಸಲ್ಲಿಸತಕ್ಕದ್ದು ಎಂಬುದು ಮೊದಲನೆಯದು. ಪರೀಕ್ಷೆಯ ಶುಲ್ಕವನ್ನು ಹತ್ತು ದಿನಗಳೊಳಗೆ ಕಟ್ಟತಕ್ಕದ್ದು ಎಂಬುದು ಎರಡನೆಯದು. ಬರುವ ಶನಿವಾರ ಕ್ರೀಡಾಕೂಟ ನಡೆಯುವುದೆಂಬುದು ಮೂರನೆಯದು. ಪ್ರಕಟಣೆಗಳಿಗೆ ತಾರೀಖು ಹಾಕುವ ಏರ್ಪಾಡು ತಾಣದಲ್ಲಿಯೇ ಇದೆ. ಆದರೂ ವಿದ್ಯಾರ್ಥಿಗಳು ಪುಟವನ್ನು ತೆರೆದು ನೋಡಿದಾಗ ಎಲ್ಲಕ್ಕಿಂತ ಮೇಲಿರುವ ಕ್ರೀಡಾಕೂಟದ ಪ್ರಕಟಣೆಗೆ ಮಾತ್ರ ತಾರೀಖಿದೆ, ಉಳಿದೆರಡಕ್ಕೆ ಇಲ್ಲ. ಏಳು ದಿನಗಳನ್ನು ಯಾವ ದಿನದಿಂದ ಎಣಿಸಬೇಕು? ಅರ್ಜಿ ಹಾಕಬೇಕಾದ ಹುಡುಗಿಯೊಬ್ಬಳು ಇದು ಹಳೆಯ ಪ್ರಕಟಣೆಯೆಂದು ಬಗೆದು ಸುಮ್ಮನಾದರೆ ಆ ವರ್ಷದ ವೇತನವೇ ಅವಳ ಕೈ ತಪ್ಪೀತು.

ಇಲ್ಲಿ ಗುಮಾಸ್ತರು ತಾರೀಖನ್ನು ಮರೆತಿಲ್ಲ. ಯಂತ್ರವೂ ಕೆಟ್ಟಿಲ್ಲ. ಪುಟವನ್ನು ಕಟ್ಟಿದವರು ಬರೆದ ಆಜ್ಞೆಯಲ್ಲಿ ಅಕ್ಷರದೋಷ ಕೂಡ ಇಲ್ಲ. ಆ ಆಜ್ಞೆಯು ತಾನು ಮಾಡಬೇಕಾದ ಕೆಲಸವನ್ನು ಚಾಚೂ ತಪ್ಪದೆ ಮಾಡಿದೆ. ಹಾಗಿದ್ದರೆ ಎರಡು ತಾರೀಖುಗಳು ಎಲ್ಲಿ ಹೋದವು? ಇದಕ್ಕೆ ಉತ್ತರ ಕಾಣಬೇಕಾದರೆ ಇಂಥ ಪುಟಗಳು ಹೇಗೆ ಹುಟ್ಟುತ್ತವೆ, ಅವುಗಳಲ್ಲಿ ಶೀರ್ಷಿಕೆ, ತಾರೀಖು, ಬರಹಗಳನ್ನು ತಂದು ಕೂರಿಸುವವರು ಯಾರು ಎಂಬುದನ್ನು ನಾವು ಮೊದಲು ತಿಳಿಯಬೇಕು.

ಅಚ್ಚು ಮತ್ತು ಪಾಕ

ಸಂಕ್ರಾಂತಿಯ ಹೊತ್ತಿಗೆ ನಮ್ಮ ಮನೆಗಳಲ್ಲಿ ಸಕ್ಕರೆ ಅಚ್ಚು ಮಾಡುವುದನ್ನು ವಾಚಕರು ಕಂಡಿರಬಹುದು. ಮರದ ಅಚ್ಚಿನಲ್ಲಿ ಆನೆಯದೋ ತುಳಸಿಕಟ್ಟೆಯದೋ ಆಕಾರ ಕೊರೆದಿರುತ್ತದೆ. ಹದವಾದ ಪಾಕವನ್ನು ಅದರಲ್ಲಿ ಹೊಯ್ದು ಆರಿದ ಮೇಲೆ ಬಿಡಿಸಿದರೆ ಆನೆ ಸಿದ್ಧವಾಗುತ್ತದೆ. ಅಚ್ಚು ಹಳೆಯದು, ಅಜ್ಜಿಯ ಕಾಲದ್ದೇ ಆಗಿರಬಹುದು. ಪಾಕ ಮಾತ್ರ ಪ್ರತಿಸಲವೂ ಹೊಸದು. ಅಚ್ಚನ್ನು ಬದಲಾಯಿಸಿದರೆ ಅದೇ ಪಾಕ ಬೇರೆ ರೂಪ ತಾಳುತ್ತದೆ.

ಇಂದಿನ ಅನೇಕ ಅಂತರಜಾಲ ತಾಣಗಳ ಒಳಗುಟ್ಟೂ ಇದೇ. ಬರಹವೆಲ್ಲ ದತ್ತಸಂಚಯವೆಂಬ ಭಂಡಾರದಲ್ಲಿ ಕೋಷ್ಟಕಗಳ ರೂಪದಲ್ಲಿ ಕೂಡಿಟ್ಟಿರುತ್ತದೆ. ಪ್ರತಿಯೊಂದು ಲೇಖನಕ್ಕೂ ಒಂದು ಸಾಲು. ಅದರಲ್ಲಿ ಕ್ರಮಸಂಖ್ಯೆ, ಶೀರ್ಷಿಕೆ, ಬರಹ, ಪ್ರಕಟವಾದ ದಿನ ಮತ್ತು ಗಳಿಗೆ ಇವುಗಳಿಗೆ ಒಂದೊಂದು ಅಂಕಣ. ಪುಟದ ಆಕಾರವಾದರೋ ಬೇರೆಯೇ ಒಂದು ಕಡತದಲ್ಲಿರುತ್ತದೆ. ಶೀರ್ಷಿಕೆ ಎಲ್ಲಿ ಬರಬೇಕು, ಅದರ ಕೆಳಗೆ ಏನಿರಬೇಕು ಎಂಬುದನ್ನು ಅದು ಗೊತ್ತುಪಡಿಸುತ್ತದೆ. ಈ ಆಕಾರದ ಕಡತಕ್ಕೆ 'ಟೆಂಪ್ಲೇಟ್' ಎಂದು ಹೆಸರು. ಓದುಗನೊಬ್ಬನ ಬ್ರೌಸರ್ ಪುಟವನ್ನು ಬೇಡಿದಾಗ ದೂರದ ಸರ್ವರ್ ಯಂತ್ರವು ಭಂಡಾರದಿಂದ ಬರಹವನ್ನು ತೆಗೆದು ಟೆಂಪ್ಲೇಟಿನಲ್ಲಿ ತುಂಬಿ, ಸಿದ್ಧವಾದ ಪುಟವನ್ನು ಕಳುಹಿಸಿಕೊಡುತ್ತದೆ.

ಹೀಗೆ ಕೆಲಸ ಮಾಡುವ ವ್ಯವಸ್ಥೆಗಳಲ್ಲಿ ಜಗತ್ತಿನಲ್ಲೆಲ್ಲ ಅತಿ ಹೆಚ್ಚು ಬಳಕೆಯಲ್ಲಿರುವುದು ವರ್ಡ್‌ಪ್ರೆಸ್. ಇದರ ಹುಟ್ಟಿನ ಕಥೆ ವಿದ್ಯಾರ್ಥಿಗಳಿಗೆ ಹುರುಪು ತರುವಂಥದು. ಮಿಷೆಲ್ ವಾಲ್ಡ್ರಿಗಿ ಎಂಬಾತನು ೨೦೦೧ರಲ್ಲಿ 'ಬಿ೨' ಎಂಬ ಚಿಕ್ಕ ಪ್ರಕಟಣಾ ವ್ಯವಸ್ಥೆಯನ್ನು ರಚಿಸಿದ್ದನು. ಕೆಲಕಾಲದ ಮೇಲೆ ಅದರ ಬೆಳವಣಿಗೆ ನಿಂತುಹೋಯಿತು. ಆದರೆ ಯಾರು ಬೇಕಾದರೂ ತೆಗೆದುಕೊಂಡು ತಿದ್ದಿ ಮುಂದುವರಿಸಬಹುದೆಂಬ ಮುಕ್ತ ಪರವಾನಗಿಯಡಿ ಅದು ಪ್ರಕಟವಾಗಿದ್ದುದರಿಂದ, ಅಮೆರಿಕದ ಹೂಸ್ಟನ್ ನಗರದ ಹತ್ತೊಂಬತ್ತು ವರ್ಷದ ವಿದ್ಯಾರ್ಥಿ ಮ್ಯಾಟ್ ಮುಲೆನ್‌ವೆಗ್ ಮತ್ತು ಇಂಗ್ಲೆಂಡಿನ ಮೈಕ್ ಲಿಟಲ್ ಇಬ್ಬರೂ ಸೇರಿ ಅದನ್ನು ಕೈಗೆತ್ತಿಕೊಂಡರು. ೨೦೦೩ರ ಮೇ ೨೭ರಂದು ವರ್ಡ್‌ಪ್ರೆಸ್ಸಿನ ಮೊದಲ ಆವೃತ್ತಿ ಹೊರಬಂದಿತು. ೨೦೦೫ರ ಫೆಬ್ರವರಿಯಲ್ಲಿ ಬಂದ ೧.೫ನೆಯ ಆವೃತ್ತಿಯಿಂದ ಟೆಂಪ್ಲೇಟುಗಳನ್ನು ಕಂತೆಕಟ್ಟಿ ಒಟ್ಟಾಗಿ ಬದಲಾಯಿಸುವ ಅನುಕೂಲವುಂಟಾಯಿತು. ಆ ಕಂತೆಯನ್ನು 'ಥೀಮ್' ಎನ್ನುತ್ತಾರೆ. ಬರಹದ ಒಂದಕ್ಷರವನ್ನೂ ಮುಟ್ಟದೆ ತಾಣದ ರೂಪವನ್ನೆಲ್ಲ ಬದಲಿಸುವುದು ಇದರಿಂದ ಸಾಧ್ಯವಾಯಿತು.

ಫಂಕ್ಷನ್ ಎಂದರೇನು?

ಟೆಂಪ್ಲೇಟಿನಲ್ಲಿ ಬರಹ ಬರಬೇಕಾದ ಸ್ಥಳವನ್ನು ಸುಮ್ಮನೆ ಖಾಲಿ ಬಿಟ್ಟರೆ ಸಾಲದು. ಈ ಸ್ಥಳಕ್ಕೆ ಶೀರ್ಷಿಕೆಯನ್ನು ತಾ, ಆ ಸ್ಥಳಕ್ಕೆ ತಾರೀಖನ್ನು ತಾ ಎಂದು ಯಂತ್ರಕ್ಕೆ ಹೇಳಬೇಕು. ಹೀಗೆ ಹೇಳುವ ಆಜ್ಞೆಗಳೇ ಟೆಂಪ್ಲೇಟಿನ ಫಂಕ್ಷನ್ನುಗಳು.

ಫಂಕ್ಷನ್ ಎಂಬ ಮಾತು ಗಣಿತ ಓದಿದವರಿಗೆ ಹೊಸದೇನಲ್ಲ. ಒಂದು ಸಂಖ್ಯೆಯನ್ನು ಕೊಟ್ಟರೆ ಅದರ ವರ್ಗವನ್ನು ಹಿಂದಿರುಗಿಸುವುದೂ ಒಂದು ಫಂಕ್ಷನ್ನೇ. ಗಣಕದ ಕ್ರಮವಿಧಿಯಲ್ಲಿಯೂ ಹಾಗೆಯೇ: ಒಂದು ಕೆಲಸಕ್ಕೆ ಬೇಕಾದ ಹಲವು ಹೆಜ್ಜೆಗಳನ್ನು ಒಮ್ಮೆ ಬರೆದು, ಅದಕ್ಕೊಂದು ಹೆಸರಿಟ್ಟು, ಬೇಕೆಂದಾಗ ಆ ಹೆಸರಿನಿಂದ ಕರೆಯುತ್ತೇವೆ. ವರ್ಡ್‌ಪ್ರೆಸ್ 'ಪಿ.ಎಚ್.ಪಿ.' ಎಂಬ ಕ್ರಮವಿಧಿ ಭಾಷೆಯಲ್ಲಿದೆ. ಈ ಭಾಷೆಯನ್ನು ರಾಸ್ಮಸ್ ಲೆರ್ಡಾರ್ಫ್ ಎಂಬಾತನು ೧೯೯೫ರಲ್ಲಿ ಪ್ರಪಂಚದ ಮುಂದಿಟ್ಟನು. ಆ ಭಾಷೆಯಲ್ಲಿ ಬರೆದು ವ್ಯವಸ್ಥೆಯೊಳಗೇ ಸೇರಿಸಿಟ್ಟಿರುವ ಸಿದ್ಧ ಫಂಕ್ಷನ್ನುಗಳು ನೂರಾರಿವೆ. ಶೀರ್ಷಿಕೆಗೆ 'ದಿ_ಟೈಟಲ್()', ಬರಹಕ್ಕೆ 'ದಿ_ಕಂಟೆಂಟ್()', ತಾರೀಖಿಗೆ 'ದಿ_ಡೇಟ್()', ಬರೆದವರ ಹೆಸರಿಗೆ 'ದಿ_ಆಥರ್()' ಎಂಬಿವು ಅವುಗಳಲ್ಲಿ ಕೆಲವು. ಯಂತ್ರಕ್ಕೆ ಇವನ್ನು ರೋಮನ್ ಲಿಪಿಯ ಚಿಕ್ಕಕ್ಷರಗಳಲ್ಲಿ, ಪದಗಳ ನಡುವೆ ಅಡಿಗೆರೆಯಿಟ್ಟು, ಕೊನೆಗೆ ಒಂದು ಜೊತೆ ಆವರಣ ಚಿಹ್ನೆ ಸೇರಿಸಿ ಬರೆಯಬೇಕು. ಓದುವ ಅನುಕೂಲಕ್ಕಾಗಿ ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ.

ಈ ಸಿದ್ಧ ಫಂಕ್ಷನ್ನುಗಳಿಂದ ಆಗುವ ಉಪಕಾರ ದೊಡ್ಡದು. ಭಂಡಾರದ ಕೋಷ್ಟಕಗಳ ರಚನೆಯನ್ನು ಅರಿಯದ ಕಾಲೇಜು ವಿದ್ಯಾರ್ಥಿ ಕೂಡ ನಾಲ್ಕಾರು ಹೆಸರುಗಳನ್ನು ಕಲಿತರೆ ಒಂದು ಸಂಜೆಯಲ್ಲಿ ಪುಟವೊಂದನ್ನು ಕಟ್ಟಬಲ್ಲನು. ಆದರೆ ಇದರಲ್ಲಿ ಒಂದು ತೊಡಕೂ ಉಂಟು. ಹೆಸರು ಅಷ್ಟು ಸುಲಭವಾಗಿ ಅರ್ಥವಾಗುವುದರಿಂದ, ಕೆಲಸವೂ ಅರ್ಥವಾಯಿತೆಂದು ನಾವು ನಂಬಿಬಿಡುತ್ತೇವೆ.

'ಈಗಿನ ಲೇಖನ' ಯಾವುದು?

ದಿ_ಟೈಟಲ್() ಎಂಬುದರ ಆವರಣದೊಳಗೆ ಏನೂ ಇಲ್ಲವೆಂಬುದನ್ನು ಗಮನಿಸಿರಿ. ಭಂಡಾರದಲ್ಲಿ ಸಾವಿರ ಲೇಖನಗಳಿರಬಹುದು. ಇಂಥ ಲೇಖನದ ಶೀರ್ಷಿಕೆ ಬೇಕೆಂದು ಆ ಫಂಕ್ಷನ್ನಿಗೆ ತಿಳಿಸಿದವರಾರು?

ಉಪಾಧ್ಯಾಯರು ಉತ್ತರಪತ್ರಿಕೆಗಳನ್ನು ತಿದ್ದುವುದನ್ನು ನೆನೆಯಿರಿ. ಮೇಜಿನ ಮೇಲೆ ಪತ್ರಿಕೆಗಳ ಕಟ್ಟಿದೆ. ಅವರು ಮೇಲಿನದೊಂದನ್ನು ತೆಗೆದು ಮುಂದಿಟ್ಟುಕೊಳ್ಳುತ್ತಾರೆ. ಬಳಿಯಲ್ಲಿರುವವರು 'ಹೆಸರೇನು?' ಎಂದು ಕೇಳಿದರೆ ಮುಂದಿರುವ ಪತ್ರಿಕೆಯ ಮೇಲಿನ ಹೆಸರನ್ನೇ ಓದುತ್ತಾರೆ. ಯಾವ ಪತ್ರಿಕೆಯೆಂದು ವಿವರಿಸಬೇಕಾಗಿಲ್ಲ. ತಿದ್ದಿ ಮುಗಿಸಿ, ಇನ್ನೂ ಇವೆಯೇ ಎಂದು ನೋಡಿ, ಇದ್ದರೆ ಮುಂದಿನದನ್ನು ತೆಗೆಯುತ್ತಾರೆ. ಕಟ್ಟು ಬರಿದಾದಾಗ ಕೆಲಸ ಮುಗಿಯಿತು.

ವರ್ಡ್‌ಪ್ರೆಸ್ಸಿನಲ್ಲಿ ಇದಕ್ಕೆ 'ಲೂಪ್' ಅಥವಾ ಆವರ್ತನೆ ಎಂದು ಹೆಸರು. 'ಹ್ಯಾವ್_ಪೋಸ್ಟ್ಸ್()' ಎಂಬುದು ಕಟ್ಟಿನಲ್ಲಿ ಇನ್ನೂ ಲೇಖನಗಳಿವೆಯೇ ಎಂದು ಕೇಳುತ್ತದೆ. 'ದಿ_ಪೋಸ್ಟ್()' ಮುಂದಿನ ಲೇಖನವನ್ನು ತೆಗೆದು 'ಈಗಿನ ಲೇಖನ'ವೆಂದು ಎದುರಿಗಿಡುತ್ತದೆ. ಆಮೇಲೆ ಕರೆದ ಶೀರ್ಷಿಕೆ, ತಾರೀಖು, ಬರಹಗಳ ಫಂಕ್ಷನ್ನುಗಳೆಲ್ಲ ಆ ಲೇಖನವನ್ನೇ ಕುರಿತು ಮಾತನಾಡುತ್ತವೆ. ಅಂದರೆ ಆವರಣದೊಳಗೆ ನಾವು ಏನನ್ನೂ ಬರೆಯದಿದ್ದರೂ, ಫಂಕ್ಷನ್ನು ಹೊರಗಿನ ಪರಿಸ್ಥಿತಿಯೊಂದನ್ನು ನೋಡಿ ಉತ್ತರ ಕೊಡುತ್ತದೆ. ಗಣಿತದ ಫಂಕ್ಷನ್ನಿಗೂ ಇದಕ್ಕೂ ಇರುವ ಮುಖ್ಯ ಭೇದ ಇದು. ಮೂರರ ವರ್ಗ ಯಾವಾಗ ಕೇಳಿದರೂ ಒಂಬತ್ತೇ; ದಿ_ಟೈಟಲ್() ಕೊಡುವ ಉತ್ತರ ಮಾತ್ರ ಕೇಳಿದ ಗಳಿಗೆಯನ್ನು ಅವಲಂಬಿಸಿದೆ.

ತಾರೀಖಿನ ಗುಟ್ಟು

ಈಗ ಮರೆಯಾದ ತಾರೀಖುಗಳ ವಿಚಾರಕ್ಕೆ ಬರೋಣ. ದಿ_ಡೇಟ್() ಹೊರಗಿನ ಪರಿಸ್ಥಿತಿಯನ್ನು ನೋಡುವುದಷ್ಟೇ ಅಲ್ಲದೆ, ತಾನು ಹಿಂದೆ ಮಾಡಿದ ಕೆಲಸವನ್ನೂ ನೆನಪಿಟ್ಟುಕೊಳ್ಳುತ್ತದೆ.

ಇದಕ್ಕೆಂದು ವ್ಯವಸ್ಥೆಯಲ್ಲಿ ಎರಡು ಚರಗಳಿವೆ. ಮೊದಲನೆಯದರಲ್ಲಿ ಈಗಿನ ಲೇಖನದ ದಿನ ಇರುತ್ತದೆ. ಲೇಖನ ಬದಲಾದಂತೆಲ್ಲ ಅದೂ ಬದಲಾಗುತ್ತದೆ. ಎರಡನೆಯದರಲ್ಲಿ, ದಿ_ಡೇಟ್() ಕೊನೆಯ ಬಾರಿ ಅಚ್ಚಿಸಿದ ದಿನ ಇರುತ್ತದೆ; ಪುಟದ ಆರಂಭದಲ್ಲಿ ಅದು ಬರಿದು. ಫಂಕ್ಷನ್ನನ್ನು ಕರೆದಾಗ ಅದು ಮೊದಲು ಈ ಎರಡನ್ನೂ ಹೋಲಿಸಿ ನೋಡುತ್ತದೆ. ಅವು ಬೇರೆಯಾಗಿದ್ದರೆ ಹೊಸ ದಿನ ಬಂದಿತೆಂದು ತಿಳಿದು ತಾರೀಖನ್ನು ಅಚ್ಚಿಸಿ, ಆ ದಿನವನ್ನು ಎರಡನೆಯ ಚರದಲ್ಲಿ ಗುರುತು ಹಾಕಿಕೊಳ್ಳುತ್ತದೆ. ಎರಡೂ ಒಂದೇ ಆಗಿದ್ದರೆ ಏನನ್ನೂ ಅಚ್ಚಿಸದೆ ಸುಮ್ಮನಾಗುತ್ತದೆ.

ನಮ್ಮ ಶಾಲೆಯ ಪ್ರಕಟಣೆಗಳು ೨೦೨೫ರ ನವೆಂಬರ್ ೧೨ರಂದು ಹೊರಬಂದವೆಂದಿಟ್ಟುಕೊಳ್ಳೋಣ. ಪುಟದಲ್ಲಿ ಮೊದಲಿಗೆ ಬರುವುದು ಕ್ರೀಡಾಕೂಟದ ಸಮಾಚಾರ. ಈಗಿನ ದಿನ ೧೨.೧೧.೨೫, ಗುರುತು ಬರಿದು. ಎರಡೂ ಬೇರೆ, ತಾರೀಖು ಬಿದ್ದಿತು, ಗುರುತು ೧೨.೧೧.೨೫ ಆಯಿತು. ಎರಡನೆಯದು ಪರೀಕ್ಷಾ ಶುಲ್ಕ. ಈಗಿನ ದಿನ ೧೨.೧೧.೨೫, ಗುರುತೂ ಅದೇ. ತಾರೀಖಿಲ್ಲ. ಮೂರನೆಯದಾದ ವಿದ್ಯಾರ್ಥಿವೇತನದ ಗತಿಯೂ ಅಷ್ಟೇ. ನಾಲ್ಕನೆಯದಾಗಿ ನವೆಂಬರ್ ೧೦ರ ಹಳೆಯ ಪ್ರಕಟಣೆಯೊಂದಿದ್ದರೆ ಅದಕ್ಕೆ ಮತ್ತೆ ತಾರೀಖು ಬೀಳುತ್ತದೆ. ದಿನಕ್ಕೊಂದೇ ಪ್ರಕಟಣೆ ಹೊರಡುವಷ್ಟು ಕಾಲ ಈ ಸಂಗತಿ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದೇ ದಿನ ಎರಡು ಬಂದಾಗಲೇ ಬಯಲಾಗುವುದು. ಪುಟವನ್ನು ಕಟ್ಟಿ ಪರೀಕ್ಷಿಸಿದ ದಿನ ಎಲ್ಲವೂ ಸರಿಯಾಗಿ ಕಂಡು, ತಿಂಗಳುಗಳ ಮೇಲೆ ತೊಂದರೆ ತಲೆದೋರುವುದು ಇದರಿಂದಲೇ.

ಇಂಥ ವಿಚಿತ್ರ ನಡವಳಿಕೆಯನ್ನು ಯಾರಾದರೂ ಏತಕ್ಕೆ ಇಟ್ಟರು ಎಂದು ಕೇಳಬಹುದು. ಕಾರಣವು ಆ ಫಂಕ್ಷನ್ನು ಹುಟ್ಟಿದ ಕಾಲದ ಬರಹಗಳ ರೂಪದಲ್ಲಿದೆ. ದಿ_ಡೇಟ್() ವರ್ಡ್‌ಪ್ರೆಸ್ಸಿನ ಅತ್ಯಾರಂಭದ ಆವೃತ್ತಿಗಳಿಂದಲೂ ಇದೆ. ಆಗ ಇಂಥ ತಾಣಗಳು ಬಹುಮಟ್ಟಿಗೆ ದಿನಚರಿಗಳಂತಿದ್ದವು. ಒಂದು ದಿನದ ತಾರೀಖು ತಲೆಬರಹ. ಆ ದಿನ ಬರೆದ ಎರಡು ಮೂರು ಟಿಪ್ಪಣಿಗಳು ಅದರ ಕೆಳಗೆ. ಅಂಗಡಿಯ ಕಿರ್ದಿ ಪುಸ್ತಕವನ್ನು ನೋಡಿದವರಿಗೆ ಇದು ಕೂಡಲೆ ಹೊಳೆಯುತ್ತದೆ. ಅಲ್ಲಿಯೂ ದಿನದ ತಾರೀಖನ್ನು ಮೇಲೆ ಒಮ್ಮೆ ಬರೆದು, ಆ ದಿನದ ಬಾಬುಗಳನ್ನೆಲ್ಲ ಕೆಳಗೆ ಸಾಲಾಗಿ ಬರೆಯುತ್ತಾರೆ. ಪ್ರತಿ ಬಾಬಿನ ಮುಂದೆಯೂ ಅದೇ ತಾರೀಖನ್ನು ಬರೆಯುವುದಿಲ್ಲ. ದಿ_ಡೇಟ್() ಬರೆಯುವ ತಾರೀಖು ಕಿರ್ದಿಯ ತಾರೀಖು. ಅದು ದಿನಕ್ಕೆ ಸೇರಿದ್ದು. ಶಾಲೆಗೆ ಬೇಕಾಗಿದ್ದುದು ರಸೀತಿಯ ತಾರೀಖು. ಅದು ಪ್ರತಿಯೊಂದು ಕಾಗದಕ್ಕೂ ಬೇರೆ ಬೇರೆಯಾಗಿ ಸೇರತಕ್ಕದ್ದು. ಎರಡಕ್ಕೂ ನಾವು ತಾರೀಖು ಎಂಬ ಒಂದೇ ಹೆಸರಿಟ್ಟಿರುವುದರಿಂದ ಈ ಗೊಂದಲ ಹುಟ್ಟಿತು.

ಈಗ ಅದನ್ನು ತಿದ್ದಿಬಿಡಬಾರದೇಕೆ? ಹಳೆಯ ನಡವಳಿಕೆಯನ್ನೇ ನಂಬಿ ಕಟ್ಟಿದ ಪುಟಗಳು ಲೋಕದಲ್ಲಿ ಇವೆ. ಇಂದು ಆ ಫಂಕ್ಷನ್ನನ್ನು ಬದಲಿಸಿದರೆ ನಾಳೆ ಅವುಗಳಲ್ಲೆಲ್ಲ ತಾರೀಖುಗಳು ಬೇಡದ ಕಡೆ ಸಾಲುಗಟ್ಟಿ ನಿಲ್ಲುತ್ತವೆ. ಜಗತ್ತಿನ ತಾಣಗಳಲ್ಲಿ ಐದರಲ್ಲಿ ಎರಡು ಪಾಲಿನಷ್ಟು ನಿಂತಿರುವ ಬುನಾದಿಯನ್ನು ಹಾಗೆ ಕದಲಿಸಲಾಗದು. ಆದುದರಿಂದ ಹಳೆಯದನ್ನು ಇದ್ದಂತೆ ಇರಗೊಟ್ಟು, ಬೇರೆ ಅಗತ್ಯಕ್ಕೆ ಬೇರೆ ಫಂಕ್ಷನ್ನನ್ನು ಒದಗಿಸಿದ್ದಾರೆ.

ಅಚ್ಚಿಸುವುದು, ಕೈಗೆ ಕೊಡುವುದು

ಆ ಬೇರೆ ಫಂಕ್ಷನ್ನಿನ ಹೆಸರು 'ಗೆಟ್_ದಿ_ಡೇಟ್()'. ಹೆಸರಿನಲ್ಲಿ ಅಂತರ ಒಂದೇ ಪದ. ಕೆಲಸದಲ್ಲಿ ಎರಡು ವಿಧದ ಅಂತರ. ಮೊದಲನೆಯದಾಗಿ, ಇದು ನೆನಪಿಟ್ಟುಕೊಳ್ಳುವುದಿಲ್ಲ. ಎಷ್ಟು ಸಲ ಕೇಳಿದರೂ ಈಗಿನ ಲೇಖನದ ತಾರೀಖನ್ನು ಹೇಳುತ್ತದೆ. ಎರಡನೆಯದಾಗಿ, ಇದು ತಾನಾಗಿ ಪುಟದ ಮೇಲೆ ಏನನ್ನೂ ಅಚ್ಚಿಸುವುದಿಲ್ಲ. ತಾರೀಖನ್ನು ನಮ್ಮ ಕೈಗೆ ಕೊಡುತ್ತದೆ. ಅಚ್ಚಿಸಬೇಕಾದರೆ ಅದರ ಮುಂದೆ 'ಎಕೋ' ಎಂಬ ಆಜ್ಞೆಯನ್ನು ಬರೆಯಬೇಕು.

ಸಭೆಯಲ್ಲಿ ಒಬ್ಬ ಕಾರ್ಯದರ್ಶಿ ಕಾಗದವನ್ನು ಕೂಡಲೆ ಗಟ್ಟಿಯಾಗಿ ಓದುತ್ತಾನೆ. ಇನ್ನೊಬ್ಬ ಅದನ್ನು ಅಧ್ಯಕ್ಷರ ಕೈಗೆ ಕೊಡುತ್ತಾನೆ, ಓದುವುದೋ ಬಿಡುವುದೋ ಅವರ ಇಷ್ಟ. ವರ್ಡ್‌ಪ್ರೆಸ್ಸಿನಲ್ಲಿ 'ದಿ' ಎಂದು ಮೊದಲಾಗುವವು ಸಾಮಾನ್ಯವಾಗಿ ಮೊದಲ ಬಗೆಯವು. 'ಗೆಟ್' ಎಂದು ಮೊದಲಾಗುವವು ಸಾಮಾನ್ಯವಾಗಿ ಎರಡನೆಯ ಬಗೆಯವು. ಶೀರ್ಷಿಕೆಗೂ 'ಗೆಟ್_ದಿ_ಟೈಟಲ್()' ಎಂಬ ಜೋಡಿ ಉಂಟು. ಶೀರ್ಷಿಕೆಯ ಉದ್ದವನ್ನು ಅಳೆಯಬೇಕಾದಾಗ, ಎರಡು ತಾರೀಖುಗಳನ್ನು ಹೋಲಿಸಬೇಕಾದಾಗ, ಮೌಲ್ಯ ನಮ್ಮ ಕೈಯಲ್ಲಿರುವುದು ಅವಶ್ಯಕ. ಅಲ್ಲಿ ಮೊದಲ ಬಗೆಯದನ್ನು ಕರೆದರೆ ಬೇಡದ ಕಡೆ ಅಕ್ಷರಗಳು ಅಚ್ಚಾಗಿ, ಕೈ ಮಾತ್ರ ಬರಿದಾಗಿಯೇ ಉಳಿಯುತ್ತದೆ.

ತಾರೀಖಿನ ರೂಪವನ್ನು ಆವರಣದೊಳಗೆ ಅಕ್ಷರ ಸಂಕೇತಗಳಿಂದ ಸೂಚಿಸಬಹುದು. ರೋಮನ್ ಲಿಪಿಯ ಚಿಕ್ಕ 'ಜೆ' ದಿನದ ಅಂಕಿಯನ್ನೂ, ದೊಡ್ಡ 'ಎಫ್' ತಿಂಗಳ ಪೂರ್ಣ ಹೆಸರನ್ನೂ, ದೊಡ್ಡ 'ವೈ' ನಾಲ್ಕಂಕಿಯ ವರ್ಷವನ್ನೂ ತರುತ್ತವೆ. ಚಿಕ್ಕ 'ವೈ' ಬರೆದರೆ ವರ್ಷದ ಕೊನೆಯ ಎರಡಂಕಿಗಳು ಮಾತ್ರ ಬರುತ್ತವೆ. ಚಿಕ್ಕ 'ಎಂ' ತಿಂಗಳ ಅಂಕಿ. ನಿಮಿಷಕ್ಕೂ ಅದೇ ಅಕ್ಷರವಿರಬೇಕೆಂದು ಊಹಿಸಿದರೆ ತಪ್ಪಾಗುತ್ತದೆ, ನಿಮಿಷದ ಸಂಕೇತ ಚಿಕ್ಕ 'ಐ'. ಗಂಟೆಯ ಪಕ್ಕದಲ್ಲಿ 'ಎಂ' ಬರೆದ ಪುಟವು ನವೆಂಬರಿನಲ್ಲಿ ಪ್ರತಿಯೊಂದು ಲೇಖನವೂ ಗಂಟೆ ಕಳೆದು ಹನ್ನೊಂದನೆಯ ನಿಮಿಷದಲ್ಲಿ ಪ್ರಕಟವಾಯಿತೆಂದು ಸಾರುತ್ತದೆ! ಆವರಣದೊಳಗೆ ಏನನ್ನೂ ಬರೆಯದಿದ್ದರೆ ತಾಣದ ಒಡೆಯರು ಆರಿಸಿಟ್ಟ ರೂಪವೇ ಬರುತ್ತದೆ. ಸಾಮಾನ್ಯವಾಗಿ ಹಾಗೆ ಬಿಡುವುದೇ ಲೇಸು. ಒಡೆಯರು ರೂಪವನ್ನು ಒಂದೆಡೆ ಬದಲಿಸಿದರೆ ಎಲ್ಲ ಪುಟಗಳಲ್ಲಿಯೂ ಬದಲಾಗುತ್ತದೆ.

ಐವತ್ತೈದು ಪದಗಳು

ಹೆಸರು ಪೂರ್ತಿ ಹೇಳದ ಇನ್ನೊಂದು ಸಂಗತಿಯನ್ನು ನೋಡೋಣ. ಇದು ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಿಸಿದ್ದು. 'ದಿ_ಎಕ್ಸರ್ಪ್ಟ್()' ಎಂಬ ಫಂಕ್ಷನ್ನು ಲೇಖನದ ಸಾರಾಂಶವನ್ನು ಅಚ್ಚಿಸುತ್ತದೆ. ಲೇಖಕರು ತಾವೇ ಸಾರಾಂಶವನ್ನು ಬರೆದಿದ್ದರೆ ಅದು ಬರುತ್ತದೆ. ಬರೆಯದಿದ್ದರೆ ಫಂಕ್ಷನ್ನು ಲೇಖನದ ಮೊದಲ ೫೫ ಪದಗಳನ್ನು ಕತ್ತರಿಸಿ ಕೊಡುತ್ತದೆ. ಅರ್ಥ ತಿಳಿದು ಸಾರ ಹಿಂಡುವ ಶಕ್ತಿ ಅದಕ್ಕಿಲ್ಲ. ಅದು ಮಾಡುವುದು ಎಣಿಕೆಯನ್ನು ಮಾತ್ರ.

ಎಣಿಕೆಗೆ ಆಧಾರ ಪದಗಳ ನಡುವಿನ ತೆರವು. ಇಂಗ್ಲಿಷಿನಲ್ಲಿ ಮೂರು ಬಿಡಿ ಪದಗಳಲ್ಲಿ ಹೇಳುವುದನ್ನು ಕನ್ನಡವು ವಿಭಕ್ತಿ ಪ್ರತ್ಯಯ ಹಚ್ಚಿ 'ಗ್ರಂಥಾಲಯದಿಂದ' ಎಂದು ಒಂದೇ ಪದದಲ್ಲಿ ಹೇಳುತ್ತದೆ; ಸಂಧಿಯಾದಾಗಲಂತೂ ಎರಡು ಮೂರು ಪದಗಳು ಕೂಡಿ ಒಂದಾಗುತ್ತವೆ. ಹೀಗಾಗಿ ಕನ್ನಡದ ೫೫ ಪದಗಳು ಇಂಗ್ಲಿಷಿನ ೫೫ ಪದಗಳಿಗಿಂತ ಹೆಚ್ಚು ವಿಷಯವನ್ನು ಹೇಳುತ್ತವೆ, ಹೆಚ್ಚು ಸ್ಥಳವನ್ನೂ ಹಿಡಿಯುತ್ತವೆ. ಇಂಗ್ಲಿಷಿಗಾಗಿ ಅಳೆದು ಕಟ್ಟಿದ ಪುಟದಲ್ಲಿ ಕನ್ನಡದ ಸಾರಾಂಶ ಚೌಕಟ್ಟನ್ನು ಮೀರಿ ಹರಿಯುವುದಕ್ಕೆ ಇದೂ ಒಂದು ಕಾರಣ. ಪದಗಳ ನಡುವೆ ತೆರವನ್ನೇ ಬಿಡದ ಜಪಾನಿ, ಚೀನೀ ಮೊದಲಾದ ಭಾಷೆಗಳಿಗಾಗಿ ಪದಗಳ ಬದಲು ಅಕ್ಷರಗಳನ್ನು ಎಣಿಸುವ ಏರ್ಪಾಡನ್ನು ವರ್ಡ್‌ಪ್ರೆಸ್ ಮಾಡಿಕೊಂಡಿದೆ. ಕನ್ನಡದ ತಾಣ ಕಟ್ಟುವವರು ೫೫ರ ಮಿತಿಯನ್ನು ತಮ್ಮ ಥೀಮಿನಲ್ಲಿ ನಾಲ್ಕೈದು ಸಾಲು ಬರೆದು ೩೦ಕ್ಕೋ ೪೦ಕ್ಕೋ ಇಳಿಸಿಕೊಳ್ಳಬಹುದು.

ಕಾವಲು ಕಾಯುವ ಫಂಕ್ಷನ್ನುಗಳು

ತಾರೀಖು ಕಾಣದೆ ಹೋದರೆ, ಸಾರಾಂಶ ಉದ್ದವಾದರೆ, ಓದುಗರಿಗೆ ಕಷ್ಟ. ಆದರೆ ಫಂಕ್ಷನ್ನಿನ ಸ್ವಭಾವವನ್ನು ಅರಿಯದೆ ಹೋದರೆ ತಾಣವೇ ಪರರ ಪಾಲಾಗುವ ಸಂದರ್ಭವೂ ಉಂಟು.

ಅಂತರಜಾಲದ ಪುಟದಲ್ಲಿ ಬರಹ ಮತ್ತು ಆಜ್ಞೆ ಎರಡೂ ಒಟ್ಟಿಗೆ ಬೆರೆತು ಬರುತ್ತವೆ. ಗಣಿತದಲ್ಲಿ 'ಅದಕ್ಕಿಂತ ಕಡಿಮೆ' ಎಂದು ತೋರಿಸುವ ಮೂಲೆಗೆರೆಯ ಚಿಹ್ನೆ ಬಂದರೆ, ಇಲ್ಲಿಂದ ಆಜ್ಞೆ ಆರಂಭವಾಯಿತೆಂದು ಬ್ರೌಸರ್ ತಿಳಿಯುತ್ತದೆ. ಹೊರಗಿನವರು ಬರೆದ ಮಾತನ್ನು ಹಾಗೆಯೇ ಪುಟದಲ್ಲಿ ಅಚ್ಚಿಸಿದರೆ, ಅವರು ಮಾತಿನ ನಡುವೆ ಹುದುಗಿಸಿದ ಆಜ್ಞೆಯನ್ನು ಓದುಗರ ಬ್ರೌಸರ್ ವಿಧೇಯವಾಗಿ ನಡೆಸಿಬಿಡುತ್ತದೆ.

ಇದು ಬರಿಯ ಊಹೆಯಲ್ಲ. ೨೦೦೫ರ ಅಕ್ಟೋಬರಿನಲ್ಲಿ ಸ್ಯಾಮಿ ಕಮ್ಕಾರ್ ಎಂಬ ಹತ್ತೊಂಬತ್ತು ವರ್ಷದ ತರುಣನು ಮೈಸ್ಪೇಸ್ ಎಂಬ ಅಮೆರಿಕದ ತಾಣದ ತನ್ನ ಪರಿಚಯಪುಟದಲ್ಲಿ ಇಂಥದೊಂದು ಆಜ್ಞೆಯನ್ನು ಅಡಗಿಸಿಟ್ಟನು. ತಾಣದಲ್ಲಿ ಒಂದು ಬಗೆಯ ಜರಡಿಯೇನೋ ಇತ್ತು. ಅದು ಹಿಡಿಯಲಾರದ ರೀತಿಯಲ್ಲಿ ಅವನು ಬರೆದಿದ್ದನು. ಆ ಪುಟವನ್ನು ನೋಡಿದವರೆಲ್ಲ ತಮಗರಿಯದೆಯೇ ಅವನನ್ನು ಸ್ನೇಹಿತನೆಂದು ಸೇರಿಸಿಕೊಂಡರು. ಅಷ್ಟೇ ಅಲ್ಲ, ಆ ಆಜ್ಞೆ ಅವರ ಪುಟಗಳಿಗೂ ನಕಲಾಗಿ, ಅವನ್ನು ನೋಡಿದವರಿಗೆ ಮತ್ತೆ ಅಂಟಿತು. ಇಪ್ಪತ್ತು ಗಂಟೆಗಳೊಳಗೆ ಹತ್ತು ಲಕ್ಷಕ್ಕೂ ಮೀರಿದ ಪುಟಗಳಿಗೆ ಅದು ಹಬ್ಬಿತು. ಹಾಸ್ಯಕ್ಕೆಂದು ಮಾಡಿದ ಈ ಕೆಲಸಕ್ಕಾಗಿ ಆ ತರುಣನು ನ್ಯಾಯಾಲಯದ ಕಟ್ಟನ್ನು ಎದುರಿಸಬೇಕಾಯಿತು.

ಇಂಥದನ್ನು ತಡೆಯಲೆಂದು ವರ್ಡ್‌ಪ್ರೆಸ್ಸಿನ ೨.೮ನೆಯ ಆವೃತ್ತಿಯಲ್ಲಿ, ಎಂದರೆ ೨೦೦೯ರಲ್ಲಿ, 'ಇಎಸ್‌ಸಿ_ಎಚ್‌ಟಿಎಂಎಲ್()', 'ಇಎಸ್‌ಸಿ_ಎಟಿಟಿಆರ್()', 'ಇಎಸ್‌ಸಿ_ಯುಆರ್‌ಎಲ್()' ಎಂಬ ಫಂಕ್ಷನ್ನುಗಳನ್ನು ಸೇರಿಸಿದರು. ಮೊದಲನೆಯದು ಪುಟದ ಬರಹಕ್ಕೂ, ಎರಡನೆಯದು ಆಜ್ಞೆಗಳೊಳಗಿನ ಗುಣಸೂಚಕ ಮಾತುಗಳಿಗೂ, ಮೂರನೆಯದು ಕೊಂಡಿಗಳ ವಿಳಾಸಕ್ಕೂ ಕಾವಲು. ಮೂಲೆಗೆರೆಯ ಚಿಹ್ನೆ ಬಂದರೆ ಮೊದಲೆರಡು ಫಂಕ್ಷನ್ನುಗಳು ಅದನ್ನು ಅಳಿಸುವುದಿಲ್ಲ. ಕಣ್ಣಿಗೆ ಚಿಹ್ನೆಯಾಗಿಯೇ ತೋರುವ, ಆದರೆ ಬ್ರೌಸರ್ ಆಜ್ಞೆಯೆಂದು ಭ್ರಮಿಸದ ಸಂಕೇತವನ್ನಾಗಿ ಮಾರ್ಪಡಿಸುತ್ತವೆ.

ಇಲ್ಲಿಯೂ ಹೆಸರನ್ನು ನೋಡಿ ಮೋಸಹೋಗಬಾರದು. ಓದುಗರು ಹುಡುಕಾಟದ ಪೆಟ್ಟಿಗೆಯಲ್ಲಿ ಬರೆದ ಮಾತನ್ನು ಹಿಂದಿರುಗಿಸುವ 'ಗೆಟ್_ಸರ್ಚ್_ಕ್ವೆರಿ()' ತಾನೇ ಕಾವಲನ್ನು ಮುಗಿಸಿ ಕೊಡುತ್ತದೆ. ಅದೇ ಧಾಟಿಯ ಹೆಸರುಳ್ಳ 'ಗೆಟ್_ದಿ_ಟೈಟಲ್()' ಆ ಕಾವಲನ್ನು ಕಾಯುವುದಿಲ್ಲ. ಅವಶ್ಯವಿದ್ದಲ್ಲಿ ಅದನ್ನು ಕಾವಲಿನ ಫಂಕ್ಷನ್ನಿನೊಳಗಿಟ್ಟು ನಾವೇ ಅಚ್ಚಿಸಬೇಕು.

ನೀವೇ ಮಾಡಿ ನೋಡಿ

೨೦೨೨ರ ಜನವರಿಯಲ್ಲಿ ಬಂದ ೫.೯ನೆಯ ಆವೃತ್ತಿಯಿಂದೀಚೆಗೆ ಟೆಂಪ್ಲೇಟುಗಳನ್ನು ಇಟ್ಟಿಗೆಗಳಂತಿರುವ 'ಬ್ಲಾಕ್'ಗಳಿಂದ, ಒಂದಕ್ಷರ ಆಜ್ಞೆಯನ್ನೂ ಬರೆಯದೆ, ಜೋಡಿಸುವುದು ಸಾಧ್ಯವಾಗಿದೆ. ಹಾಗೆಂದು ಫಂಕ್ಷನ್ನುಗಳ ಕಾಲ ಮುಗಿಯಿತೆನ್ನುವಂತಿಲ್ಲ. ಶೀರ್ಷಿಕೆಯ ಬ್ಲಾಕನ್ನು ಬಿಚ್ಚಿ ನೋಡಿದರೆ ಒಳಗೆ ಕೆಲಸ ಮಾಡುತ್ತಿರುವುದು ಅದೇ ಗೆಟ್_ದಿ_ಟೈಟಲ್(). ಬ್ಲಾಕುಗಳಿಲ್ಲದ ಹಳೆಯ ಬಗೆಯ ಥೀಮುಗಳೂ ಇಂದಿಗೂ ನಡೆಯುತ್ತಿವೆ.

ಆಸಕ್ತಿಯುಳ್ಳ ವಿದ್ಯಾರ್ಥಿಗಳು ಇಲ್ಲಿ ಹೇಳಿದ್ದನ್ನು ನಂಬಿ ಸುಮ್ಮನಾಗದೆ ಪರೀಕ್ಷಿಸಿ ನೋಡಬೇಕು. ವರ್ಡ್‌ಪ್ರೆಸ್ ಉಚಿತವಾಗಿ ದೊರೆಯುತ್ತದೆ. ಅಂತರಜಾಲಕ್ಕೆ ಒಡ್ಡದೆ ನಿಮ್ಮ ಗಣಕದಲ್ಲಿಯೇ ಅದನ್ನು ನಡೆಸಬಹುದು. ಹಳೆಯ ಬಗೆಯ ಥೀಮೊಂದನ್ನು ಆರಿಸಿ, ಐದು ಚಿಕ್ಕ ಲೇಖನಗಳನ್ನು ಬರೆಯಿರಿ: ಎರಡಕ್ಕೆ ಒಂದು ದಿನ, ಮಿಕ್ಕ ಮೂರಕ್ಕೆ ಅದರ ಹಿಂದಿನ ದಿನ. ಲೂಪಿನೊಳಗೆ ಶೀರ್ಷಿಕೆಯ ಕೆಳಗೆ ದಿ_ಡೇಟ್() ಬರೆಯಿರಿ. ಪುಟವನ್ನು ತೆರೆಯುವ ಮೊದಲೇ, ಯಾವ ಯಾವ ಲೇಖನಕ್ಕೆ ತಾರೀಖು ಬೀಳುವುದೆಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿರಿ. ಎರಡು ತಾರೀಖುಗಳು ಮಾತ್ರ ಕಂಡರೆ ನಿಮ್ಮ ತಿಳಿವಳಿಕೆ ಸರಿಯೆಂದಾಯಿತು. ಆಮೇಲೆ ಒಂದೇ ಲೇಖನದ ಮೇಲೊಮ್ಮೆ ಕೆಳಗೊಮ್ಮೆ ದಿ_ಡೇಟ್() ಕರೆದು ನೋಡಿರಿ. ಕೊನೆಗೆ ಎರಡೂ ಕಡೆ ಗೆಟ್_ದಿ_ಡೇಟ್() ಹಾಕಿ, ಮುಂದೆ 'ಎಕೋ' ಸೇರಿಸಿ, ಫಲವನ್ನು ಹೋಲಿಸಿರಿ.

ಯಾವ ಸಿದ್ಧ ಫಂಕ್ಷನ್ನನ್ನು ಬಳಸುವಾಗಲೂ ನಾಲ್ಕು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಮಾಡಿಕೊಂಡರೆ ಒಳ್ಳೆಯದು. ಇದು ಯಾವುದನ್ನು ಕುರಿತು ಉತ್ತರ ಹೇಳುತ್ತದೆ? ಅಚ್ಚಿಸುತ್ತದೆಯೋ, ಕೈಗೆ ಕೊಡುತ್ತದೆಯೋ? ಹಿಂದೆ ನಡೆದುದನ್ನು ನೆನಪಿಟ್ಟುಕೊಳ್ಳುತ್ತದೆಯೋ? ಕಾವಲು ಕಾಯುತ್ತದೆಯೋ, ಅದು ನಮ್ಮ ಪಾಲಿನ ಕೆಲಸವೋ? ಇವಕ್ಕೆ ಉತ್ತರವನ್ನು ಊಹಿಸಬೇಕಾಗಿಲ್ಲ. ಪ್ರತಿಯೊಂದು ಫಂಕ್ಷನ್ನಿಗೂ ಕೈಪಿಡಿಯಲ್ಲಿ ಒಂದು ಪುಟವಿದೆ. ಅದರಲ್ಲಿ ಫಂಕ್ಷನ್ನಿನ ಮೂಲ ಬರಹವನ್ನೂ ಕೊಟ್ಟಿದ್ದಾರೆ. ದಿ_ಡೇಟ್()ನ ಮೂಲ ಇಪ್ಪತ್ತು ಮೂವತ್ತು ಸಾಲುಗಳಿಗೆ ಮೀರದು. ಅದನ್ನು ಓದಲು ಐದು ನಿಮಿಷ ಸಾಕು. ಪುಟ ಕಟ್ಟುವವರು ಆ ಐದು ನಿಮಿಷಗಳನ್ನು ಕೊಟ್ಟರೆ ಅರ್ಜಿಯ ಗಡುವನ್ನು ಎಣಿಸುವವರಿಗೆ ತಾರೀಖು ತಪ್ಪದೆ ಸಿಗುತ್ತದೆ.